ಗಿರಿಗಳ್ಳಿ ನಿಜಕ್ಕೂ ಬೆಳೆದೀತೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಚಿತ್ರದುರ್ಗದ ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿನಿಯೊಬ್ಬರು ತಾವೇ ಕಲ್ಪಿಸಿಕೊಂಡ ಸಸ್ಯವೊಂದರ ವಿವರಣೆಯನ್ನು ಈ ಅಂಕಣಕ್ಕೆ ಕಳುಹಿಸಿದ್ದರು. ಹಿಂದಿನ ಸಂಚಿಕೆಯಲ್ಲಿ ಅದನ್ನು ಪ್ರಕಟಿಸಿ, ಓದುಗರ ಅಭಿಪ್ರಾಯ ಕೇಳಿದ್ದೆವು. ಆ ಸಂಚಿಕೆ ಕೈಗೆ ಸಿಗದವರಿಗಾಗಿ ಸಾರಾಂಶ ಹೀಗಿದೆ: ಸಸ್ಯದ ಹೆಸರು 'ಗಿರಿಗಳ್ಳಿ'. ಎತ್ತರ 100 ಮೀಟರ್, ವ್ಯಾಸ 10 ಮೀಟರ್, ಎಲೆಯೇ ಇಲ್ಲದ ರಸಭರಿತ ಕಂಬ. ಒಂದೇ ಮಳೆಗೆ ಒಡಲು ತುಂಬಿಕೊಂಡು ನೂರು ವರ್ಷ ಬದುಕುತ್ತದೆ. ಬಂಡೆಯನ್ನು ಕರಗಿಸಿ ಬೇರೂರುತ್ತದೆ, ರಾತ್ರಿ ಮಾತ್ರ ಗಾಳಿ ಸೇವಿಸುತ್ತದೆ, ಕತ್ತಲಲ್ಲಿ ಬೆಳಗುತ್ತದೆ, ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ, ಕೊಡಲಿಯಿಟ್ಟರೆ ಸಿಹಿನೀರು ಸುರಿಸುತ್ತದೆ, ಶತಮಾನಕ್ಕೊಮ್ಮೆ ಹೂಬಿಟ್ಟು ಸಾಯುತ್ತದೆ.

ಬಂದ ಪತ್ರಗಳಲ್ಲಿ ಹೆಚ್ಚಿನವು ಇದನ್ನು ಕಟ್ಟುಕತೆಯೆಂದು ತಳ್ಳಿಹಾಕಿವೆ. ನನ್ನ ಅಭಿಪ್ರಾಯ ಬೇರೆ. ಈ ಪಟ್ಟಿಯಲ್ಲಿರುವ ಗುಣಗಳಲ್ಲಿ ಹೆಚ್ಚಿನವು ಯಾವುದಾದರೊಂದು ನಿಜವಾದ ಸಸ್ಯದಲ್ಲಿ ಸಣ್ಣ ಪ್ರಮಾಣದಲ್ಲಾದರೂ ಇವೆ. ಜಗತ್ತಿನಲ್ಲಿ ಎಲ್ಲಿಯೂ ಇಲ್ಲದಿರುವುದು ಆ ಗಾತ್ರ, ಮತ್ತು ಒಂದು ಗುಣಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡದೆ ಎಲ್ಲವನ್ನೂ ಒಟ್ಟಿಗೆ ಪಡೆಯುವ ಸೌಕರ್ಯ. ಆಯ್ದ ಪ್ರಶ್ನೆಗಳನ್ನು ಈ ದೃಷ್ಟಿಯಿಂದಲೇ ಉತ್ತರಿಸಿದ್ದೇನೆ.

ಪ್ರಶ್ನೆ: ಕ್ಯಾಲಿಫೋರ್ನಿಯದ ಮರಗಳು ನೂರು ಮೀಟರ್ ದಾಟಿ ಬೆಳೆಯುತ್ತವೆ ಎಂದು ಓದಿದ್ದೇನೆ. ಮರಕ್ಕೆ ಸಾಧ್ಯವಾದದ್ದು ಕಳ್ಳಿಗೆ ಏಕೆ ಸಾಧ್ಯವಾಗಬಾರದು?
*ನಿವೃತ್ತ ಎಂಜಿನಿಯರ್, ದಾವಣಗೆರೆ*

ಎತ್ತರವೊಂದನ್ನೇ ನೋಡಿದರೆ ನಿಮ್ಮ ಮಾತು ಸರಿ. ಕ್ಯಾಲಿಫೋರ್ನಿಯದ ಕರಾವಳಿಯ ರೆಡ್‌ವುಡ್ ಮರಗಳಲ್ಲಿ 'ಹೈಪೀರಿಯನ್' ಎಂದು ಹೆಸರಾದ, 2006ರಲ್ಲಿ ಪತ್ತೆಯಾದ ಮರದ ಎತ್ತರ ಸುಮಾರು 116 ಮೀಟರ್. ಆದರೆ ಆ ಮರದ ಕಾಂಡದ ಬಹುಭಾಗ ಸತ್ತ ಜೀವಕೋಶಗಳ ಗಟ್ಟಿ ಗೋಡೆಗಳಿಂದಾದ ಕಟ್ಟಿಗೆ. ಅದು ನಿಲ್ಲಲು ನೀರನ್ನು ಅವಲಂಬಿಸುವುದಿಲ್ಲ. ಕಳ್ಳಿಯ ಕಾಂಡದ ಬಹುಭಾಗವಾದರೋ ತೆಳುಗೋಡೆಯ, ನೀರು ತುಂಬಿದ ಜೀವಂತ ಕೋಶಗಳ ತಿರುಳು. ಒಳಗಿನ ನೀರು ಕೋಶದ ಗೋಡೆಯನ್ನು ಹೊರಕ್ಕೆ ಒತ್ತುವುದರಿಂದಲೇ ತಿರುಳು ಬಿಗಿಯಾಗಿರುತ್ತದೆ. ನೀರು ಕಡಿಮೆಯಾದರೆ ಅದು ಸೊರಗುತ್ತದೆ.

ಈಗ ಲೆಕ್ಕ ಹಾಕೋಣ. ನಿಜವಾದ ದೈತ್ಯಕಳ್ಳಿಯೆಂದರೆ ಅಮೆರಿಕದ ಅರಿಝೋನ ರಾಜ್ಯ ಮತ್ತು ಮೆಕ್ಸಿಕೋದ ಸೊನೋರ ರಾಜ್ಯಗಳನ್ನು ವ್ಯಾಪಿಸಿರುವ ಸೊನೋರನ್ ಮರುಭೂಮಿಯ ಸಗ್ವಾರೊ. ಬಲಿತ ಸಗ್ವಾರೊ ಸಾಮಾನ್ಯವಾಗಿ 12 ಮೀಟರ್ ಎತ್ತರವಿರುತ್ತದೆ. ಕೊಂಬೆಗಳನ್ನು ಬಿಟ್ಟು, ಅರ್ಧ ಮೀಟರ್ ವ್ಯಾಸದ ನೇರ ಕಂಬವೆಂದು ಭಾವಿಸಿದರೆ ಅದರ ಗಾತ್ರ ಸುಮಾರು 2.4 ಘನಮೀಟರ್, ಅಂದರೆ ಎರಡು ಟನ್ನಿಗಿಂತ ತುಸು ಹೆಚ್ಚು ತೂಕ. ಅದರ ಪಕ್ಕದ ಮೇಲ್ಮೈ ಸುಮಾರು 19 ಚದರ ಮೀಟರ್. ಇದೇ ಲೆಕ್ಕದಲ್ಲಿ ಗಿರಿಗಳ್ಳಿಯ ಗಾತ್ರ 7,850 ಘನಮೀಟರ್, ಮೇಲ್ಮೈ 3,140 ಚದರ ಮೀಟರ್. ಕಳ್ಳಿಗೆ ಎಲೆಯಿಲ್ಲದ ಕಾರಣ ಆಹಾರ ತಯಾರಾಗುವುದು ಕಾಂಡದ ಹಸಿರು ಹೊರಪದರದಲ್ಲಿ ಮಾತ್ರ. ಸಗ್ವಾರೊದ ಪ್ರತಿ ಘನಮೀಟರ್ ಒಡಲಿಗೆ ಆಹಾರ ಒದಗಿಸಲು 8 ಚದರ ಮೀಟರ್ ಹಸಿರು ಇದ್ದರೆ, ಗಿರಿಗಳ್ಳಿಯ ಪ್ರತಿ ಘನಮೀಟರಿಗೆ ಇರುವುದು 0.4 ಚದರ ಮೀಟರ್ ಮಾತ್ರ. ದುಡಿಯುವ ಚರ್ಮ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯಿತು, ಉಣ್ಣುವ ಒಡಲು ಹಾಗೆಯೇ ಉಳಿಯಿತು. ಸಗ್ವಾರೊ ಮೊದಲ 8 ವರ್ಷಗಳಲ್ಲಿ ಬೆಳೆಯುವುದು ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್. ಹೂಬಿಡಲು ಸುಮಾರು 35 ವರ್ಷ ಬೇಕು. ಮೊದಲ ಕೊಂಬೆ ಮೂಡುವುದು 50ರಿಂದ 70 ವರ್ಷಗಳ ನಡುವೆ. ಗಿರಿಗಳ್ಳಿ ಇದಕ್ಕಿಂತ ಎಷ್ಟು ನಿಧಾನವಾಗಿ ಬೆಳೆಯಬೇಕಾದೀತೆಂದು ನೀವೇ ಊಹಿಸಬಹುದು.

ಎರಡನೆಯ ಅಡ್ಡಿ ನೀರೆತ್ತುವುದು. ಪ್ರತಿ 10 ಮೀಟರ್ ಎತ್ತರಕ್ಕೆ ನೀರನ್ನು ಏರಿಸಲು ಸುಮಾರು ಒಂದು ವಾಯುಮಂಡಲದಷ್ಟು, ಅಂದರೆ ಸಮುದ್ರಮಟ್ಟದಲ್ಲಿ ಗಾಳಿ ಹಾಕುವಷ್ಟು, ಒತ್ತಡದ ಸೆಳೆತ ಬೇಕು. ತುದಿಗೆ ನೀರು ತಲುಪಬೇಕಾದರೆ ಗುರುತ್ವಕ್ಕಾಗಿಯೇ ಹತ್ತು ವಾಯುಮಂಡಲಗಳ ಸೆಳೆತ ಖರ್ಚಾಗುತ್ತದೆ. ಮರಗಳು ಇಂಥ ಸೆಳೆತವನ್ನು ತಡೆದುಕೊಳ್ಳುತ್ತವೆ. ಕಳ್ಳಿಗಳ ರಸ ತೆಳುವಾದದ್ದು. ಅದರ ಹೀರುಬಲ ಸಾಮಾನ್ಯವಾಗಿ ಹತ್ತು ವಾಯುಮಂಡಲಗಳನ್ನು ಮುಟ್ಟುವುದಿಲ್ಲ. ಹೀಗಾಗಿ ಗಿರಿಗಳ್ಳಿಯ ಬುಡ ತುಂಬಿದ್ದರೂ ನೆತ್ತಿ ಒಣಗುತ್ತದೆ.

ಕಳ್ಳಿ ಕುಟುಂಬದ ಎತ್ತರದ ಸದಸ್ಯರು, ಅಂದರೆ ಸಗ್ವಾರೊ ಮತ್ತು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯದ ಕಾರ್ಡೋನ್, 20 ಮೀಟರಿನ ಆಸುಪಾಸಿಗೇ ನಿಂತುಬಿಡುತ್ತವೆ. ಆ ಎತ್ತರಕ್ಕೂ ಅವುಗಳಿಗೆ ಒಳಗೊಂದು ಅಸ್ಥಿಪಂಜರ ಬೇಕಾಗಿದೆ: ತಿರುಳಿನ ನಡುವೆ ವೃತ್ತಾಕಾರವಾಗಿ ನಿಂತ, ಬುಡದಿಂದ ತುದಿಯವರೆಗಿನ ಕಟ್ಟಿಗೆಯ ಪಕ್ಕೆಲುಬುಗಳು. ಕಳ್ಳಿಯಂತೆ ಕಂಡರೂ ಬೇರೆ ಕುಟುಂಬಕ್ಕೆ ಸೇರಿದ, ಆಫ್ರಿಕದ ಕೆಲವು ಯೂಫೋರ್ಬಿಯಾಗಳು ಇನ್ನೂ ಎತ್ತರಕ್ಕೆ ಹೋಗುತ್ತವೆ. ಆದರೆ ಅವುಗಳ ಬುಡ ಮರದ ಕಾಂಡವೇ ಆಗಿರುತ್ತದೆ, ರಸಭರಿತ ಭಾಗ ಮೇಲಿನ ಕೊಂಬೆಗಳಿಗೆ ಸೀಮಿತ.

ಪ್ರಶ್ನೆ: ಒಂದು ಮಳೆಯ ನೀರಿನಲ್ಲಿ ನೂರು ವರ್ಷ ಬದುಕುವುದು ಹಾಗಿರಲಿ, ಒಂದು ಮಳೆಯಲ್ಲಿ ಅಷ್ಟು ನೀರು ತುಂಬಿಕೊಳ್ಳುವುದಾದರೂ ಸಾಧ್ಯವೇ?
*ಕೃಷಿಕರು, ಮೊಳಕಾಲ್ಮೂರು*

ಜಮೀನು ಇರುವವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು. 25 ಮಿಲಿಮೀಟರಿನ ಒಂದು ಹದವಾದ ಮಳೆ ಬಿದ್ದಿತೆಂದುಕೊಳ್ಳಿ. ಗಿರಿಗಳ್ಳಿಯ 7,850 ಟನ್ ಒಡಲು ತುಂಬಲು ಸುಮಾರು 31 ಹೆಕ್ಟೇರ್, ಅಂದರೆ 78 ಎಕರೆಯಷ್ಟು ನೆಲದ ಮೇಲೆ ಬಿದ್ದ ನೀರು ಒಂದು ಹನಿಯೂ ಹರಿದುಹೋಗದೆ, ಆವಿಯಾಗದೆ ಬೇರಿಗೆ ಸೇರಬೇಕು. ಗಿಡದ ಬುಡದಿಂದ ಎಲ್ಲ ದಿಕ್ಕಿಗೂ 315 ಮೀಟರಿನಷ್ಟು ಬೇರು ಹರಡಿರಬೇಕು, ಅಷ್ಟು ಜಾಗದಲ್ಲಿ ಬೇರೆ ಒಂದು ಗಿಡವೂ ಇರಬಾರದು.

ಉಪಾಯ ಮಾತ್ರ ಸರಿಯಾದದ್ದು. ಸಗ್ವಾರೊ ಮಾಡುವುದೂ ಇದನ್ನೇ. ಅದರ ಒಂದು ತಾಯಿಬೇರು ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಆಳಕ್ಕೆ ಇಳಿಯುತ್ತದೆ; ಉಳಿದ ಬೇರುಗಳೆಲ್ಲ ನೆಲದಿಂದ ಒಂದು ಗೇಣಿಗಿಂತ ಆಳಕ್ಕೆ ಹೋಗದೆ, ಗಿಡದ ಎತ್ತರದಷ್ಟೇ ದೂರಕ್ಕೆ ಸುತ್ತಲೂ ಚಾಚಿಕೊಂಡಿರುತ್ತವೆ. ಮರುಭೂಮಿಯ ಮಳೆ ಆಳಕ್ಕೆ ಇಳಿಯುವುದೇ ಇಲ್ಲವಾದ್ದರಿಂದ ಮೇಲುಮಣ್ಣಿನಲ್ಲಿ ಕಾಯುವುದೇ ಜಾಣತನ. ನೀರು ಬಂದಾಗ ಹಿಗ್ಗಲು ಕಾಂಡದಲ್ಲಿ ಉದ್ದುದ್ದನೆಯ ಮಡಿಕೆಗಳಿವೆ. ಬರಗಾಲದಲ್ಲಿ ಮಡಿಕೆಗಳು ಆಳವಾಗಿ ಗಿಡ ಸಣಕಲಾಗುತ್ತದೆ. ಮಳೆಯ ನಂತರ ಹಾರ್ಮೋನಿಯಮ್ಮಿನ ತಿದಿಯಂತೆ ಅವು ಬಿಚ್ಚಿಕೊಂಡು, ಚರ್ಮ ಹರಿಯದೆ ಕಾಂಡ ಉಬ್ಬುತ್ತದೆ. ಆದರೆ ಮೇಲ್ಬೇರಿನ ಗಿಡಕ್ಕೆ ಹಿಡಿತ ಕಡಿಮೆ. ನೀರು ಕುಡಿದು ಭಾರವಾದ ಸಗ್ವಾರೊ, ನೆಲವೂ ಮೆತ್ತಗಾಗಿರುವ ಹೊತ್ತಿನಲ್ಲಿ ಬಿರುಗಾಳಿ ಬೀಸಿದರೆ ಬುಡಸಹಿತ ಉರುಳುತ್ತದೆ. ತುಂಬಿದ ಹೊಟ್ಟೆಯೇ ಅದರ ಸಾವಿಗೆ ಕಾರಣವಾಗುವುದೂ ಉಂಟು.

ನೀರಿಲ್ಲದೆ ಬದುಕುವ ಅವಧಿಯ ಬಗ್ಗೆ ಒಂದು ಹಳೆಯ ಉದಾಹರಣೆ ಇದೆ. ಸೊನೋರನ್ ಮರುಭೂಮಿಯದೇ ಆದ, ಸೋರೆಯ ಕುಟುಂಬಕ್ಕೆ ಸೇರಿದ ಐಬರ್ವಿಲಿಯ ಎಂಬ ಬಳ್ಳಿಯ ಗೆಡ್ಡೆಯೊಂದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಸಸ್ಯೋದ್ಯಾನದಲ್ಲಿ ಮಣ್ಣೂ ಇಲ್ಲದೆ, ನೀರೂ ಇಲ್ಲದೆ ಪ್ರದರ್ಶನಕ್ಕೆ ಇಡಲಾಗಿತ್ತು. ಅದು ಏಳು ವರ್ಷಗಳ ಕಾಲ ವರ್ಷಕ್ಕೊಮ್ಮೆ ಚಿಗುರಿತು, ಮಳೆ ಬರಲಿಲ್ಲವೆಂದು ಚಿಗುರನ್ನು ಬಾಡಿಸಿಕೊಂಡಿತು. ಅಷ್ಟರಲ್ಲಿ ಅದರ ತೂಕ ಸುಮಾರು ಅರ್ಧಕ್ಕೆ ಇಳಿದಿತ್ತು. ಏಳು ವರ್ಷವೇ ಅಚ್ಚರಿ, ನೂರು ಅತಿಯಾಯಿತು.

ಪ್ರಶ್ನೆ: ಸಸ್ಯ ಬೆಳಕಿನಲ್ಲಿ ಆಹಾರ ತಯಾರಿಸುತ್ತದೆ ಎಂದು ಮಕ್ಕಳಿಗೆ ಕಲಿಸುತ್ತೇವೆ. ಹಾಗಿರುವಾಗ ರಾತ್ರಿ ಮಾತ್ರ ಗಾಳಿ ಸೇವಿಸುವ ಗಿರಿಗಳ್ಳಿ ಹೇಗೆ ಬದುಕೀತು? ಇದನ್ನು ತರಗತಿಯಲ್ಲಿ ತೋರಿಸಲು ಸಾಧ್ಯವೇ?
*ವಿಜ್ಞಾನ ಶಿಕ್ಷಕಿ, ಚಳ್ಳಕೆರೆ*

ಇಡೀ ಪಟ್ಟಿಯಲ್ಲಿ ಅತ್ಯಂತ ನಿಜವಾದ ಗುಣ ಇದೇ. ಸಸ್ಯ ಆಹಾರ ತಯಾರಿಸಲು ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಬಿಟ್ಟುಕೊಳ್ಳಬೇಕು. ತೆರೆದ ಬಾಗಿಲಿನಿಂದ ಒಳಗಿನ ನೀರಾವಿ ಹೊರಗೆ ಹೋಗುವುದನ್ನು ತಡೆಯಲಾಗದು. ಹಗಲಿನ ಬಿಸಿಗಾಳಿಯಲ್ಲಿ ಈ ನಷ್ಟ ಬಹಳ. ಆದ್ದರಿಂದ ಕಳ್ಳಿ, ಕತ್ತಾಳೆ, ಅನಾನಸು, ಕಾಡುಬಸಳೆಗಳಂಥ ಸಸ್ಯಗಳು ಕೆಲಸವನ್ನು ಎರಡು ಪಾಳಿಗಳಾಗಿ ವಿಂಗಡಿಸಿಕೊಂಡಿವೆ. ರಾತ್ರಿಯ ತಂಪಿನಲ್ಲಿ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಹೀರಿ, ಅದನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೋಶಗಳೊಳಗೆ ಕೂಡಿಡುತ್ತವೆ. ಬೆಳಗಾದ ಮೇಲೆ ರಂಧ್ರ ಮುಚ್ಚಿ, ಆ ಆಮ್ಲವನ್ನು ಒಡೆದು ಬಿಡುಗಡೆಯಾದ ಅನಿಲದಿಂದ ಬಿಸಿಲಿನ ನೆರವಿನಲ್ಲಿ ಸಕ್ಕರೆ ತಯಾರಿಸುತ್ತವೆ. ನಮ್ಮ ಭತ್ತ, ಕಡಲೆಗಳಂಥ ಸಾಮಾನ್ಯ ಸಸ್ಯಗಳು ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಪಡೆಯಲು 400ರಿಂದ 500 ಗ್ರಾಂ ನೀರನ್ನು ಕಳೆದುಕೊಂಡರೆ, ಈ ರಾತ್ರಿಪಾಳಿಯ ಸಸ್ಯಗಳಿಗೆ 50ರಿಂದ 100 ಗ್ರಾಂ ಸಾಕು. ಅನಿಲವನ್ನು ಕೂಡಿಡುವ ಜಾಗ ಸೀಮಿತವಾದ್ದರಿಂದ ಬೆಳವಣಿಗೆ ಸಾಮಾನ್ಯವಾಗಿ ನಿಧಾನ. ನೀರು ಉಳಿಸಿದ್ದಕ್ಕೆ ತೆರುವ ಬೆಲೆ ಅದು.

ಇದರ ಆರಂಭದ ಸುಳಿವುಗಳಲ್ಲೊಂದು ಸಿಕ್ಕಿದ್ದು ಭಾರತದಲ್ಲಿ, ಅದೂ ಬೆಂಗಳೂರಿನ ಲಾಲ್‌ಬಾಗಿನೊಂದಿಗೆ ನಂಟಿರುವ ವ್ಯಕ್ತಿಯಿಂದ ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಸೇರಬೇಕಾದ ಸಂಗತಿ. ಟಿಪ್ಪುವಿನ ಪತನದ ನಂತರ ಕೆಲವು ಕಾಲ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ, ಈಸ್ಟ್ ಇಂಡಿಯಾ ಕಂಪನಿಯ ಸಸ್ಯತಜ್ಞ ಬೆಂಜಮಿನ್ ಹೈನ್ ಅವರು ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾದ ಪತ್ರವೊಂದರಲ್ಲಿ, ಕಾಡುಬಸಳೆಯ ಎಲೆ ಬೆಳಗ್ಗೆ ಪುಳಿಚಿಕ್ಕಿ ಸೊಪ್ಪಿನಷ್ಟು ಹುಳಿಯಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ರುಚಿಯೇ ಇಲ್ಲದಂತಾಗುತ್ತದೆ, ಸಂಜೆಗೆ ತುಸು ಕಹಿಯಾಗುತ್ತದೆ ಎಂಬ ಅರ್ಥದ ಮಾತು ಬರೆದಿದ್ದಾರೆ. ರಾತ್ರಿ ಕೂಡಿಟ್ಟ ಆಮ್ಲ ಹಗಲಿನಲ್ಲಿ ಖರ್ಚಾಗುವುದನ್ನು ಅವರು ಯಾವ ಉಪಕರಣವೂ ಇಲ್ಲದೆ ನಾಲಿಗೆಯಿಂದಲೇ ಗುರುತಿಸಿದ್ದರು.

ತರಗತಿಯಲ್ಲಿ ನಾಲಿಗೆಯ ಪ್ರಯೋಗ ಬೇಡ. ಕಾಡುಬಸಳೆಯಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ವಿಷಾಂಶಗಳಿವೆ, ಅದನ್ನು ಮೇಯ್ದ ದನಗಳು ಸತ್ತದ್ದೂ ಇದೆ. ಒಂದೇ ಗಿಡದಿಂದ, ಬಿಸಿಲು ಚೆನ್ನಾಗಿ ಬೀಳುವ ಕಡೆಯ ಬಲಿತ ಎಲೆಯೊಂದನ್ನು ಸೂರ್ಯೋದಯಕ್ಕೆ ಮುನ್ನ ಕಿತ್ತು, ಅರೆದು, ರಸ ಹಿಂಡಿ ಆಮ್ಲೀಯತೆ ಅಳೆಯುವ ಬಣ್ಣದ ಕಾಗದಕ್ಕೆ ತಾಗಿಸಿ. ಅದೇ ಗಿಡದ ಅಷ್ಟೇ ದೊಡ್ಡ ಎಲೆಯನ್ನು ಸಂಜೆ ನಾಲ್ಕರ ನಂತರ ಕಿತ್ತು ಹಾಗೆಯೇ ಮಾಡಿ. ಎರಡು ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕೆಂಪು-ನೀಲಿ ಲಿಟ್ಮಸ್ಸಿನಲ್ಲಿ ಈ ವ್ಯತ್ಯಾಸ ಸರಿಯಾಗಿ ತಿಳಿಯದು. ಹಂತಹಂತವಾಗಿ ಬಣ್ಣ ತೋರುವ ಸಾರ್ವತ್ರಿಕ ಸೂಚಕದ ಕಾಗದವೇ ಬೇಕು. ಹಿಂದಿನ ದಿನ ಪೂರ್ತಿ ಮೋಡ ಕವಿದಿದ್ದರೆ ಪ್ರಯೋಗವನ್ನು ಮುಂದೂಡಿ.

ಒಂದು ಮಾತು ಸೇರಿಸಬೇಕು. ರಾತ್ರಿಯ ತಂಪನ್ನು ನಂಬಿದ ಈ ವ್ಯವಸ್ಥೆಗೆ ರಾತ್ರಿಯೇ ಬಿಸಿಯಾದರೆ ದಾರಿಯಿಲ್ಲ. 2023ರಲ್ಲಿ ಅರಿಝೋನದ ಫೀನಿಕ್ಸ್ ನಗರದಲ್ಲಿ ಸತತ 31 ದಿನ ಉಷ್ಣತೆ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು, ರಾತ್ರಿಗಳೂ ತಣಿಯಲಿಲ್ಲ. ಹಗಲಿನ ಸುಡುಬಿಸಿಲನ್ನು ಸಹಿಸಬಲ್ಲ ಸಗ್ವಾರೊಗಳು ಆ ಬೇಸಿಗೆಯಲ್ಲಿ ಒಳಗೊಳಗೇ ಬಳಲಿ, ಕೊಂಬೆ ಕಳಚಿಕೊಂಡು ಬಿದ್ದವು.

ಪ್ರಶ್ನೆ: ಮರುಭೂಮಿಯಲ್ಲಿ ದಾರಿ ತಪ್ಪಿದವರು ಕಳ್ಳಿಯನ್ನು ಕಡಿದು ನೀರು ಕುಡಿಯುವುದನ್ನು ಸಿನಿಮಾಗಳಲ್ಲಿ ನೋಡಿದ್ದೇವೆ. ಅದು ನಿಜವಾದರೆ ಗಿರಿಗಳ್ಳಿಯ ಸಿಹಿನೀರೂ ನಿಜವೇ ಅಲ್ಲವೇ?
*ಬ್ಯಾಂಕ್ ಉದ್ಯೋಗಿ, ಕಲಬುರಗಿ*

ಸಿನಿಮಾದ ದೃಶ್ಯವನ್ನು ನಂಬಬೇಡಿ. ಕಳ್ಳಿಯೊಳಗೆ ಕೊಡದ ನೀರಿನಂಥ ನೀರಿರುವುದಿಲ್ಲ. ಲೋಳೆಸರದ ಎಲೆಯನ್ನು ಸೀಳಿದಾಗ ಕಾಣುವಂಥ ಅಂಟಾದ ತಿರುಳಿರುತ್ತದೆ. ಅದರಲ್ಲಿ ಆಮ್ಲಗಳೂ ಅನೇಕ ಜಾತಿಗಳಲ್ಲಿ ಆಲ್ಕಲಾಯ್ಡುಗಳೆಂಬ ಕಹಿ, ವಿಷಕಾರಿ ರಾಸಾಯನಿಕಗಳೂ ಇರುತ್ತವೆ. ಬಾಯಾರಿದವನು ಅದನ್ನು ತಿಂದರೆ ವಾಂತಿಭೇದಿಯಾಗಿ ಇರುವ ನೀರನ್ನೂ ಕಳೆದುಕೊಳ್ಳುವ ಸಂಭವವೇ ಹೆಚ್ಚು. ಇಷ್ಟು ನೀರನ್ನು ಹೊತ್ತು ಬಾಯಾರಿದ ಪ್ರಾಣಿಗಳ ನಡುವೆ ನಿಂತಿರುವ ಗಿಡ ಮುಳ್ಳು, ವಿಷ, ಹುಳಿಗಳಿಲ್ಲದೆ ಉಳಿಯುತ್ತಿತ್ತೇ? ಸಿಹಿನೀರು ತುಂಬಿದ, ಕಾವಲಿಲ್ಲದ ಗಿರಿಗಳ್ಳಿಯನ್ನು ಮೊದಲ ಬರಗಾಲದಲ್ಲೇ ಪ್ರಾಣಿಗಳು ಮುಗಿಸಿಬಿಡುತ್ತಿದ್ದವು.

ಸಿಹಿನೀರಿಗೆ ಹತ್ತಿರವಾದದ್ದು ಮೆಕ್ಸಿಕೋದಲ್ಲಿದೆ, ಆದರೆ ಕಳ್ಳಿಯಲ್ಲಿ ಅಲ್ಲ, ಕತ್ತಾಳೆಯ ಜಾತಿಗಳಲ್ಲಿ. ಹೂಗೊಂಚಲು ಏಳುವ ಸಮಯಕ್ಕೆ ಸರಿಯಾಗಿ ಗಿಡದ ನಡುಗರ್ಭವನ್ನು ಕೆತ್ತಿ ಬಟ್ಟಲು ಮಾಡಿದರೆ, ಹೂವಿಗಾಗಿ ಕೂಡಿಟ್ಟ ಸಕ್ಕರೆಯ ರಸ ಅಲ್ಲಿ ಒಸರಿ ತುಂಬುತ್ತದೆ. ಒಂದು ದೊಡ್ಡ ಗಿಡ ದಿನಕ್ಕೆ ಕೆಲವು ಲೀಟರುಗಳಂತೆ ತಿಂಗಳುಗಟ್ಟಲೆ ರಸ ಕೊಟ್ಟು ಅನಂತರ ಸಾಯುತ್ತದೆ. ಹುದುಗಿಸಿದ ಈ ರಸವೇ ಪುಲ್ಕೆ ಎಂಬ ಪಾನೀಯ.

ಸಗ್ವಾರೊದಿಂದ ಮನುಷ್ಯರು ಪಡೆಯುವುದು ಕಾಂಡದ ನೀರನ್ನಲ್ಲ, ಹಣ್ಣನ್ನು. ಅರಿಝೋನದ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನ ಮುಂಗಾರಿಗೆ ಮುಂಚಿನ ಕಡುಬೇಸಿಗೆಯಲ್ಲಿ, ಸತ್ತ ಸಗ್ವಾರೊದ ಒಣ ಪಕ್ಕೆಲುಬುಗಳನ್ನು ಜೋಡಿಸಿ ಕಟ್ಟಿದ ಉದ್ದನೆಯ ದೋಟಿಯಿಂದ ಹಣ್ಣು ಕೆಡವುತ್ತಾರೆ. ಹಣ್ಣಿನ ತುದಿಗೆ ಅಂಟಿಕೊಂಡಿರುವ ಒಣಗಿದ ಹೂವಿನ ಗಟ್ಟಿ ಅಂಚನ್ನೇ ಚಾಕುವಿನಂತೆ ಬಳಸಿ ಸಿಪ್ಪೆ ಸೀಳಿ, ಕಪ್ಪು ಬೀಜಗಳಿಂದ ತುಂಬಿದ ಕೆಂಪು ತಿರುಳನ್ನು ಹೆಬ್ಬೆರಳಿನಿಂದ ಬಿಡಿಸಿಕೊಂಡ ಮೇಲೆ, ಮಳೆ ಬರಲಿ ಎಂದು ಖಾಲಿ ಸಿಪ್ಪೆಯನ್ನು ಕೆಂಪು ಒಳಮೈ ಆಕಾಶಕ್ಕೆ ಕಾಣುವಂತೆ ನೆಲದ ಮೇಲೆ ಇಡುತ್ತಾರೆ. ತಿರುಳನ್ನು ಕುದಿಸಿ ಪಾಕ ಮಾಡುತ್ತಾರೆ. ಅದರ ಒಂದು ಪಾಲನ್ನು ಹುದುಗಿಸಿ ಮಳೆಯನ್ನು ಕರೆಯುವ ಆಚರಣೆಯಲ್ಲಿ ಕುಡಿಯುತ್ತಾರೆ.

ಪ್ರಶ್ನೆ: ಡೈನಮೈಟ್ ಇಟ್ಟರೂ ಸುಲಭಕ್ಕೆ ಬಗ್ಗದ ಕಲ್ಲನ್ನು ಗಿಡವೊಂದು ಕರಗಿಸುತ್ತದೆ ಎಂದರೆ ನಂಬುವುದು ಹೇಗೆ?
*ಕಲ್ಲುಗಣಿ ಉದ್ಯೋಗಿ, ಇಳಕಲ್*

ಗಿಡ ಒಂಟಿಯಾಗಿ ಮಾಡುವುದಿಲ್ಲ. ಬಾಹಾ ಕ್ಯಾಲಿಫೋರ್ನಿಯದ ಕಾರ್ಡೋನ್ ಕಳ್ಳಿಗಳು ಮಣ್ಣೇ ಇಲ್ಲದ ಲಾವಾ ಬಂಡೆಗಳ ಮೇಲೂ ಬೆಳೆದಿರುವುದನ್ನು ಕಂಡು ಅಲ್ಲಿನ ಸಂಶೋಧಕರು ಬೇರುಗಳನ್ನು ಪರೀಕ್ಷಿಸಿದಾಗ, ಬೇರಿನ ಮೇಲೂ ಒಳಗೂ, ಬೀಜದೊಳಗೆ ಸಹ, ಬ್ಯಾಕ್ಟೀರಿಯಾಗಳು ನೆಲೆಸಿರುವುದು ಕಂಡುಬಂತು. ಇವು ಆಮ್ಲಗಳನ್ನು ಸ್ರವಿಸಿ ಕಲ್ಲಿನ ಖನಿಜಗಳನ್ನು ಸವೆಸುತ್ತವೆ, ರಂಜಕದಂಥ ಪೋಷಕಗಳನ್ನು ಬಿಡಿಸಿಕೊಡುತ್ತವೆ, ಗಾಳಿಯ ಸಾರಜನಕವನ್ನೂ ಗಿಡಕ್ಕೆ ಒದಗಿಸುತ್ತವೆ. ಬೀಜದೊಳಗೇ ಇರುವುದರಿಂದ ತಾಯಿಗಿಡ ತನ್ನ ಮಗುವಿಗೆ ಕಲ್ಲು ಸವೆಸುವ ಕೂಲಿಯಾಳುಗಳನ್ನೂ ಜೊತೆಗೆ ಕಳುಹಿಸಿದಂತಾಯಿತು. ಆದರೆ ಇದು ಬಹಳ ನಿಧಾನವಾದ ಕೆಲಸ. ನಿಮ್ಮ ಉದ್ಯೋಗಕ್ಕೆ ಕಳ್ಳಿಯಿಂದ ಸದ್ಯಕ್ಕೆ ಸ್ಪರ್ಧೆಯಿಲ್ಲ.

ಪ್ರಶ್ನೆ: ನಮ್ಮೂರಿನ ದೊಡ್ಡ ಹುಣಸೆ ಮರವನ್ನು ಗಿರಿಗಳ್ಳಿಯ ನೆಂಟನೆಂದು ಕರೆಯಬಹುದೇ? ಅದರ ಬೊಡ್ಡೆಯೂ ನೀರಿನಿಂದ ತುಂಬಿರುತ್ತದೆ ಎನ್ನುತ್ತಾರೆ.
*ವಕೀಲರು, ಸವಣೂರು*

ಹಾವೇರಿ ಜಿಲ್ಲೆಯ ನಿಮ್ಮ ಸವಣೂರಿನಲ್ಲಿ ಜನ ದೊಡ್ಡ ಹುಣಸೆ ಎಂದು ಕರೆಯುವ ಮರಗಳು ಹುಣಸೆಯ ಜಾತಿಯವಲ್ಲ. ಆಫ್ರಿಕ ಮೂಲದ ಬಾವೊಬಾಬ್. ಕಳ್ಳಿಗೂ ಅದಕ್ಕೂ ರಕ್ತಸಂಬಂಧವಿಲ್ಲ, ಬೂರುಗದ ಮರ ಅದರ ಹತ್ತಿರದ ಬಳಗ. ಆದರೆ ದೇಹದ ರೀತಿಯನ್ನು ನೋಡಿದರೆ, ಕಾಂಡದಲ್ಲಿ ನೀರು ತುಂಬಿಕೊಳ್ಳುವ ಸಸ್ಯಗಳ ಪಟ್ಟಿಯಲ್ಲಿ ಅದನ್ನು ಸೇರಿಸಬಹುದು. ಬೊಡ್ಡೆಯ ಹಸಿ ಕಟ್ಟಿಗೆಯ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರಬಹುದು. ಬರಗಾಲದಲ್ಲಿ ಆಫ್ರಿಕದ ಆನೆಗಳು ದಂತದಿಂದ ಬೊಡ್ಡೆಯನ್ನು ಸೀಳಿ ನಾರನ್ನು ಅಗಿಯುವುದು ಇದಕ್ಕಾಗಿಯೇ.

ಈ ನೀರನ್ನು ಮರ ಹೇಗೆ ಬಳಸುತ್ತದೆ ಎಂಬುದರಲ್ಲಿ ಸ್ವಾರಸ್ಯವಿದೆ. ಬೇಸಿಗೆಯುದ್ದಕ್ಕೂ ದಿನಾ ಸ್ವಲ್ಪ ಸ್ವಲ್ಪ ಕುಡಿಯುತ್ತದೆಂದು ಬಹುಕಾಲ ನಂಬಲಾಗಿತ್ತು. ಮಡಗಾಸ್ಕರಿನ ಬಾವೊಬಾಬ್ ಜಾತಿಗಳ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನಗಳು ಬೇರೆಯೇ ಚಿತ್ರ ಕೊಟ್ಟವು. ಒಣಗಾಲದಲ್ಲಿ ಮರ ಎಲೆ ಉದುರಿಸಿ ಸುಮ್ಮನಿರುತ್ತದೆ. ಕೂಡಿಟ್ಟ ನೀರನ್ನು ಮುಖ್ಯವಾಗಿ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಹೊಸ ಎಲೆ ಚಿಗುರಿಸಲು ಖರ್ಚುಮಾಡುತ್ತದೆ. ಹೊಸ ಎಲೆಗಳು ಬಂದ ಮೇಲೂ ಮಳೆ ಬೀಳುವವರೆಗೆ ಪತ್ರರಂಧ್ರಗಳನ್ನು ಹೆಚ್ಚಾಗಿ ಮುಚ್ಚಿಕೊಂಡೇ ಇರುತ್ತದೆ. ಮೆದು ಕಟ್ಟಿಗೆಯ ಬೊಡ್ಡೆ ನೆಟ್ಟಗೆ ನಿಲ್ಲುವುದಕ್ಕೂ ಆ ನೀರೇ ಆಧಾರವಾದ್ದರಿಂದ, ಅದು ಮನಸ್ಸಿಗೆ ಬಂದಂತೆ ಖರ್ಚುಮಾಡುವಂತಿಲ್ಲ. ಗಿರಿಗಳ್ಳಿಯ ಕರ್ತೃ ಇದನ್ನು ಗಮನಿಸಬೇಕು: ಗೋಡೆಯನ್ನೇ ನೀರಿನಿಂದ ಕಟ್ಟಿದವರು ಆ ನೀರನ್ನು ಪೂರ್ತಿ ಕುಡಿಯಲಾಗದು.

ನಿಮ್ಮೂರಿನ ಮರಗಳ ವಯಸ್ಸಿನ ಬಗ್ಗೆ ಸಾವಿರಾರು ವರ್ಷಗಳ ಮಾತು ಪ್ರಚಲಿತವಾಗಿದೆ. ಬೊಡ್ಡೆಯ ಸುತ್ತಳತೆಯಿಂದ ಬಾವೊಬಾಬಿನ ವಯಸ್ಸು ಹೇಳಲಾಗದು, ಏಕೆಂದರೆ ಒಂದೇ ಎಂದು ಕಾಣುವ ಬೊಡ್ಡೆ ಅನೇಕ ಕಾಂಡಗಳು ಕೂಡಿ ಆದದ್ದಿರುತ್ತದೆ, ನಡುವಿನ ಪೊಟರೆ ಕೊಳೆತು ಆದದ್ದಾಗಿರದೆ ಆ ಕಾಂಡಗಳ ನಡುವೆ ಉಳಿದ ಜಾಗವೇ ಆಗಿರಬಹುದು. ಕಟ್ಟಿಗೆಯಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಹೇಳುವ ರೇಡಿಯೋಕಾರ್ಬನ್ ಪರೀಕ್ಷೆಯಿಂದ ತಿಳಿದ ಅತಿ ಹಳೆಯ ಬಾವೊಬಾಬ್ ಜಿಂಬಾಬ್ವೆಯಲ್ಲಿತ್ತು. ಸುಮಾರು 2,450 ವರ್ಷ ಬದುಕಿದ ಅದು ಈ ಶತಮಾನದ ಎರಡನೆಯ ದಶಕದ ಆರಂಭದಲ್ಲಿ ಕುಸಿಯಿತು. ಆಫ್ರಿಕದ 13 ಅತಿ ಹಳೆಯ ಬಾವೊಬಾಬುಗಳಲ್ಲಿ 9 ಮರಗಳು 2005ರಿಂದೀಚೆಗೆ ಪೂರ್ತಿಯಾಗಿಯೋ ಭಾಗಶಃವಾಗಿಯೋ ಸತ್ತಿವೆ ಎಂಬ 2018ರ ವರದಿಯನ್ನು ಓದಿದ ಮೇಲೆ ಸವಣೂರಿನ ಮರಗಳ ಕಾಳಜಿ ಇನ್ನಷ್ಟು ಅಗತ್ಯವೆನಿಸುತ್ತದೆ.

ಪ್ರಶ್ನೆ: ಬೆಳಗುವ ಗಿಡ ನಿಜವಾಗಿಯೂ ಇದೆಯೇ? ನನ್ನ ಮಗ ಒಂದು ಬೇಕೆಂದು ಹಟ ಹಿಡಿದಿದ್ದಾನೆ.
*ಗೃಹಿಣಿ, ಉಡುಪಿ*

ಸ್ವಂತ ಬೆಳಕಿರುವ ರಸಭರಿತ ಸಸ್ಯ ನಿಸರ್ಗದಲ್ಲಿಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆಯ ಪಶ್ಚಿಮಘಟ್ಟದ ಕಾಡುಗಳಲ್ಲಿ ಕೊಳೆತ ಕಟ್ಟಿಗೆ ಹಸಿರಾಗಿ ಮಿನುಗುವುದುಂಟು. ಅದು ಶಿಲೀಂಧ್ರದ ಬೆಳಕು. ಆದರೆ 2025ರಲ್ಲಿ ಚೀನಾದ ಸಂಶೋಧಕರು ಮನೆಯಲ್ಲಿ ಕುಂಡದಲ್ಲಿ ಬೆಳೆಸುವ ಎಚೆವೇರಿಯ ಎಂಬ ಪುಟ್ಟ ರಸಭರಿತ ಸಸ್ಯದ ಎಲೆಗಳಿಗೆ, ಬೆಳಕನ್ನು ಹೀರಿ ನಿಧಾನವಾಗಿ ಹೊರಸೂಸುವ ಖನಿಜದ ಅತಿಸೂಕ್ಷ್ಮ ಕಣಗಳನ್ನು ಸೂಜಿಯಿಂದ ಸೇರಿಸಿ ಅವನ್ನು ಬೆಳಗಿಸಿದ್ದಾರೆ. ಕೆಲವು ನಿಮಿಷ ಬೆಳಕಿಗೆ ಒಡ್ಡಿದರೆ ಎರಡು ಗಂಟೆಯವರೆಗೆ ಹೊಳಪು ಉಳಿಯುತ್ತದೆ. ಈ ಕಣಗಳು ತೆಳು ಎಲೆಯ ಗಿಡಗಳಿಗಿಂತ ದಪ್ಪ ಎಲೆಯ ಇದರಲ್ಲೇ ಚೆನ್ನಾಗಿ ಹರಡಿಕೊಂಡದ್ದು ಅವರಿಗೂ ಅನಿರೀಕ್ಷಿತವಾಗಿತ್ತಂತೆ. ಇದು ಗಿಡದ ಗುಣವಲ್ಲ, ಗಿಡಕ್ಕೆ ಹಚ್ಚಿದ ದೀಪ. ಗಿಡವೇ ಬೆಳಕು ತಯಾರಿಸಬೇಕಾದರೆ ತಾನು ಗಳಿಸಿದ ಸಕ್ಕರೆಯನ್ನು ಅದಕ್ಕಾಗಿ ಸುಡಬೇಕು. ಎಂಟು ವರ್ಷಕ್ಕೆ ನಾಲ್ಕು ಸೆಂಟಿಮೀಟರ್ ಬೆಳೆಯುವ ಬಡ ಸಂಸಾರಕ್ಕೆ ಅಂಥ ದುಂದುವೆಚ್ಚ ಒಗ್ಗದು.

ಪ್ರಶ್ನೆ: ನಮ್ಮ ಹೊಲದ ಬದುವಿನ ಕತ್ತಾಳೆಯೂ ಒಮ್ಮೆ ಹೂಬಿಟ್ಟು ಸಾಯುತ್ತದೆ. ನೂರು ವರ್ಷಕ್ಕೊಮ್ಮೆ ಎಂಬ ಮಾತು ಇದರಿಂದಲೇ ಬಂದಿರಬಹುದೇ?
*ರೈತರು, ಶಿರಾ*

ಬಂದಿರಬಹುದು. ಅಮೆರಿಕದ ಕತ್ತಾಳೆಯನ್ನು 'ಶತಮಾನದ ಗಿಡ' ಎಂದು ಯುರೋಪಿನವರು ಕರೆದದ್ದು ಅಲ್ಲಿನ ಚಳಿಯಲ್ಲಿ ಅದು ಹೂಬಿಡಲು ಬಹಳ ತಡಮಾಡುತ್ತಿದ್ದ ಕಾರಣ. ನಿಜಕ್ಕೂ 10ರಿಂದ 30 ವರ್ಷಗಳು ಸಾಕು. ಆಗ ನಡುವಿನಿಂದ ಏಳುವ ಹೂಗೊಂಚಲಿನ ದಂಟು ಕೆಲವೇ ವಾರಗಳಲ್ಲಿ 6ರಿಂದ 9 ಮೀಟರ್ ಮುಟ್ಟುತ್ತದೆ. ಬುಡದ ದಪ್ಪ ಎಲೆಗಳಲ್ಲಿ ಕೂಡಿಟ್ಟ ನೀರು, ಸಕ್ಕರೆಗಳೆಲ್ಲ ಅದಕ್ಕೆ ಸುರಿದುಹೋಗಿ ಎಲೆಗಳು ಸುಕ್ಕಾಗಿ ಮಲಗುತ್ತವೆ. ಗಿಡ ಸತ್ತರೂ ಸುತ್ತ ಎದ್ದ ಮರಿಗಳಿಂದ ಬದು ಖಾಲಿಯಾಗುವುದಿಲ್ಲ. ಸಗ್ವಾರೊ ಹೀಗಲ್ಲ, ಒಮ್ಮೆ ಹೂಬಿಡಲು ತೊಡಗಿದರೆ ಪ್ರತಿ ವರ್ಷವೂ ಬಿಡುತ್ತದೆ. ರಾತ್ರಿ ಅರಳಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಮುದುಡುವ ಅದರ ಬಿಳಿ ಹೂವಿಗೆ ಇರುಳಿನಲ್ಲಿ ಬಾವಲಿಗಳು, ಹಗಲಿನಲ್ಲಿ ಪಾರಿವಾಳ ಮತ್ತು ಜೇನುಹುಳುಗಳು ಬರುತ್ತವೆ. ನೂರು ವರ್ಷ ಕಾದು ಒಂದೇ ಬಾರಿ ಹೂಬಿಡುವ ಗಿರಿಗಳ್ಳಿಯ ಪಾಡು ಕಷ್ಟ: ಆ ವರ್ಷ ಪರಾಗ ತರುವವರು ಬಾರದಿದ್ದರೆ, ಅಥವಾ ಅಕ್ಕಪಕ್ಕದಲ್ಲಿ ಇನ್ನೊಂದು ಗಿರಿಗಳ್ಳಿ ಹೂಬಿಡದಿದ್ದರೆ, ಶತಮಾನದ ಗಳಿಕೆ ವ್ಯರ್ಥ.

ಪ್ರಶ್ನೆ: ಗಾಯವನ್ನು ತಾನೇ ಮುಚ್ಚಿಕೊಳ್ಳುವ ಗುಣದ ಬಗ್ಗೆ ಏನು ಹೇಳುತ್ತೀರಿ?
*ಶುಶ್ರೂಷಕಿ, ಶಿವಮೊಗ್ಗ*

ಇದಕ್ಕೆ ಸಗ್ವಾರೊದಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಗೀಲಾ ಮರಕುಟಿಗವು ಗೂಡಿಗಾಗಿ ಅದರ ಕಾಂಡದಲ್ಲಿ ಪೊಟರೆ ಕೊರೆಯುತ್ತದೆ. ನೀರಿನ ಗಿಡಕ್ಕೆ ತೂತು ಬಿದ್ದರೆ ಒಣಗುವುದೂ ಕೊಳೆಯುವುದೂ ಎರಡೂ ಅಪಾಯ. ಆದ್ದರಿಂದ ಗಿಡ ಪೊಟರೆಯ ಒಳಗೋಡೆಯುದ್ದಕ್ಕೂ ಗಟ್ಟಿಯಾದ ತೊಗಟೆಯಂಥ ಪದರವನ್ನು ಬೆಳೆಸಿಕೊಂಡು ಗಾಯವನ್ನು ತಿರುಳಿನಿಂದ ಬೇರ್ಪಡಿಸುತ್ತದೆ. ಇದು ಗಟ್ಟಿಯಾಗಲು ತಿಂಗಳುಗಳು ಹಿಡಿಯುವುದರಿಂದ ಹಕ್ಕಿ ಕೊರೆದ ಕೂಡಲೇ ಒಳಸೇರದೆ ಕಾಯುತ್ತದೆ. ಮುಂದೆ ಅದೇ ಪೊಟರೆಯಲ್ಲಿ ಗುಬ್ಬಚ್ಚಿಗಿಂತ ಅಷ್ಟೇನೂ ಉದ್ದವಿರದ ಎಲ್ಫ್ ಗೂಬೆ ಸಂಸಾರ ಹೂಡುತ್ತದೆ. ಗಿಡ ಸತ್ತು ತಿರುಳೆಲ್ಲ ಕೊಳೆತ ಮೇಲೂ ಈ ಗಟ್ಟಿ ಪದರ ಬೂಟಿನ ಆಕಾರದಲ್ಲಿ ನೆಲದ ಮೇಲೆ ಉಳಿಯುತ್ತದೆ. ಅಲ್ಲಿನ ಮೂಲನಿವಾಸಿಗಳು ಅದನ್ನು ಪಾತ್ರೆಯಾಗಿ ಬಳಸುತ್ತಿದ್ದರು. ಹೆಪ್ಪುಗಟ್ಟಿಸುವ ಚಳಿಯ ಗಾಯವನ್ನು ಮಾತ್ರ ಗಿಡ ಹೀಗೆ ಮುಚ್ಚಿಕೊಳ್ಳಲಾರದು. ಒಂದು ಹಗಲು ಪೂರ್ತಿ ಉಷ್ಣತೆ ಸೊನ್ನೆಯ ಮೇಲೇರದಿದ್ದರೆ ಕೋಶಗಳೊಳಗೆ ನೀರು ಮಂಜುಗಟ್ಟಿ ಅವು ಒಡೆಯುತ್ತವೆ.

ಪ್ರಶ್ನೆ: ಗಿರಿಗಳ್ಳಿ ಸಿಗದಿದ್ದರೆ ಬೇಡ, ಸಗ್ವಾರೊವನ್ನಾದರೂ ಮನೆಯ ಮುಂದೆ ಬೆಳೆಸಬಹುದೇ?
*ವ್ಯಾಪಾರಿ, ಬಳ್ಳಾರಿ*

ಬೀಜದಿಂದ ಬೆಳೆಸಬಹುದು. ಕಾಡಿನಿಂದ ಕಿತ್ತ ಗಿಡವನ್ನು ಕೊಳ್ಳಬೇಡಿ. ಕಳ್ಳಿ ಕುಟುಂಬದ ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ, ಅರಿಝೋನದಲ್ಲಿ ಕಳ್ಳತನ ತಡೆಯಲು ಸಗ್ವಾರೊಗಳೊಳಗೆ ಗುರುತಿನ ಚಿಪ್ ಸೇರಿಸುವಷ್ಟು ಅದರ ಕಾಟವಿದೆ. ಮರಳು ಮತ್ತು ಕಲ್ಲುಚೂರು ಹೆಚ್ಚಾಗಿ ಬೆರೆಸಿದ, ನೀರು ನಿಲ್ಲದ ಮಣ್ಣಿನಲ್ಲಿ ಬೀಜವನ್ನು ಮೇಲೆಯೇ ಉದುರಿಸಿ, ಮೊದಲ ವರ್ಷಗಳಲ್ಲಿ ನೇರ ಬಿಸಿಲು ತಾಗದಂತೆ ಬೇರೊಂದು ಗಿಡದ ನೆರಳಿನಲ್ಲಿಡಿ. ಅದರ ತವರಿನಲ್ಲಿಯೂ ಸಸಿಗಳು ಪಾಲೊ ವರ್ಡೆ ಮರದ ಕೆಳಗೇ ಬದುಕುವುದು. ಮಳೆಗಾಲದಲ್ಲಿ ಸೂರಿನಡಿ ಇಡಿ. ಹೂವನ್ನು ಮೊಮ್ಮಕ್ಕಳು ನೋಡಿಯಾರು.